ಹಸಿರು ಕಲ್ಲಿನ ಡಯಲ್

ಸೋಮವಾರ, ಮಾರ್ಚ್ 9
ಮಧ್ಯಾಹ್ನ

ನನ್ನ ಚಿಮುಟಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ವಾರಕ್ಕೆರಡು ಸಲ ಫೋನಿನಲ್ಲಿ ಕೇಳುತ್ತೇನೆ, ನೀನು ‘ಚೆನ್ನಾಗಿದೀನಮ್ಮ’ ಅನ್ನುತ್ತೀಯ, ನಾನು ‘ನಾನೂ’ ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಸುಳ್ಳೂ ಸರಿಸಮವಾಗುತ್ತದೆ. ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದಳು ಇವಳು ಎಂದು ಗಾಬರಿಯಾಗಬೇಡ. ಮೈ ನೆಟ್ಟಗಿದೆ. ಫೋನಿನಲ್ಲಿ ಬಾಯಿಗೆ ಬಾರದ ಮಾತೊಂದಿದೆ, ಅಷ್ಟೆ. ಕಳೆದ ವಾರ ಮೂರು ಸಲ ಅದನ್ನು ಹೇಳಲೆಂದೇ ಫೋನ್ ಮಾಡಿ, ಮೂರು ಸಲವೂ ನಲ್ಲಿ ಸೋರುವ ವಿಷಯ ಮಾತಾಡಿ ಇಟ್ಟೆ.

ಚಿಮುಟಿ ಎಂದು ಕರೆದು ಎಷ್ಟು ವರ್ಷವಾಯಿತೋ. ತಟ್ಟೆಯ ಬಟಾಣಿಯನ್ನೂ ನನ್ನ ಚಿಮುಟದಲ್ಲೇ ಎತ್ತಿ ತಿನ್ನುತ್ತೇನೆಂದು ಹಟ ಹಿಡಿಯುತ್ತಿದ್ದವಳು ನೀನು. ಐದು ವರ್ಷದ ಮಗುವಿಗೆ ಅಷ್ಟು ಪಳಗಿದ ಕೈ ಎಲ್ಲಿಂದ ಬಂತು ಎಂದು ಆಗಲೇ ನಾನು ಬೆರಗಾಗಿದ್ದೆ.

ಅಪ್ಪ ತೀರಿಕೊಂಡಾಗ ನೀನು ಬಂದು ಆರು ದಿನ ಇದ್ದೆಯಲ್ಲ, ನಾಲ್ಕನೆಯ ದಿನ ನನ್ನ ಕನ್ನಡಕದ ಸ್ಕ್ರೂ ಕಳಚಿ ಬಿತ್ತು. ನೆನಪಿದೆಯಾ? ಗೋಧಿಕಾಳಿನ ಕಾಲು ಭಾಗವೂ ಇಲ್ಲದ ಸ್ಕ್ರೂ. ನೆಲದ ಮೇಲೆ ಅದನ್ನು ಹುಡುಕಿದವಳು ನೀನೇ. ಹುಡುಕಿ, ಅಂಗೈಯಲ್ಲಿಟ್ಟು ನನಗೆ ಕೊಟ್ಟು, ‘ಅಂಗಡಿಗೆ ಕೊಟ್ಟು ಹಾಕಿಸ್ಕೊಳಮ್ಮ, ನನ್ನ ಕೈ ಸರಿಯಿಲ್ಲ’ ಎಂದೆ. ನಿದ್ದೆಗಣ್ಣಿನಲ್ಲಿ ಅಂಥ ನೂರು ಸ್ಕ್ರೂ ಕೂರಿಸುತ್ತಿದ್ದ ಮಗಳು ಹಾಗೆ ಹೇಳಿ, ಎರಡೂ ಕೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು ಕೂತಳು. ಅವತ್ತು ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಳು ಬಂದದ್ದು ಅಪ್ಪನಿಗಾಗಿ ಎಂದು ನೀನು ತಿಳಿದುಕೊಂಡೆ. ನಾನೂ ಹೌದೆಂದು ತಲೆಯಾಡಿಸಿದೆ.

ನಮ್ಮ ವಾಚ್ ರಿಪೇರಿ ಅಂಗಡಿ ಮುಚ್ಚಿದ್ದೇನೆ. ಬೋರ್ಡು ಇನ್ನೂ ಇಳಿಸಿಲ್ಲ, ಏಣಿ ಹತ್ತುವವರು ಯಾರು? ದಿನಕ್ಕೊಬ್ಬರು ಬ್ಯಾಟರಿ ಹಾಕಿಸಲು ಬಂದು ಬಾಗಿಲು ತಟ್ಟುತ್ತಾರೆ. ಎದ್ದು ಹೋಗಿ ಇಲ್ಲ ಎನ್ನುವುದಕ್ಕಿಂತ ಬ್ಯಾಟರಿ ಹಾಕಿ ಕಳಿಸುವುದೇ ಸಲೀಸು, ಹಾಗಾಗಿ ಮುಚ್ಚಿದ ಅಂಗಡಿ ಅರ್ಧ ತೆರೆದೇ ಇದೆ. ದೊಡ್ಡ ಕೆಲಸ ಮುಟ್ಟುವುದಿಲ್ಲ. ಕಣ್ಣು ಹೋಗಿದೆ, ಬೆರಳು ಹೇಳಿದ ಮಾತು ಕೇಳುವುದಿಲ್ಲ. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲ ಮೂಟೆ ಹೊತ್ತ ಹಾಗಿರುತ್ತದೆ. ವಯಸ್ಸಾಯಿತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ.

ಹೋದ ಭಾನುವಾರ ಹಲ್ಲಿನ ಡಾಕ್ಟರು ಬಂದಿದ್ದರು. ಅಪ್ಪನ ಸ್ನೇಹಿತರು ಎನ್ನಬೇಕೋ ಪ್ರತಿಸ್ಪರ್ಧಿ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಬ್ಬರಿಗೂ ಒಂದೇ ಹುಚ್ಚು: ಹಳೆಯ ಚಿನ್ನದ ಕೈಗಡಿಯಾರ, ಅದರಲ್ಲೂ ಕಲ್ಲಿನ ಡಯಲ್ ಇರುವುದೇ ಆಗಬೇಕು. ಅಪ್ಪನ ಸಂಗ್ರಹ ನೋಡಿ ಹೋಗುತ್ತೇನೆ ಎಂದರು. ಊಟದ ಮೇಜಿನ ಮೇಲೆ ಬಿಳಿ ಟವಲ್ ಹಾಸಿ ಒಂದೊಂದೇ ಡಬ್ಬಿ ಬಿಚ್ಚಿಟ್ಟೆ. ಹತ್ತೊಂಬತ್ತು. ಮೂವತ್ತೆರಡು ವರ್ಷದ ಅಲೆದಾಟ ಒಂದು ಟವಲಿನ ಮೇಲೆ ಹಿಡಿಸಿ, ಸುತ್ತ ಇನ್ನೂ ಜಾಗ ಉಳಿದಿತ್ತು.

ಅಪ್ಪನ ಈ ಹುಚ್ಚನ್ನು ನೀನು ಅರ್ಧ ನೋಡಿ ಬಿಟ್ಟು ಹೋದೆ. ನಾನು ಪೂರ್ತಿ ನೋಡಿದ್ದೇನೆ. ಔಷಧಿ ಕಂಪನಿಯ ಬ್ಯಾಗು ಹಿಡಿದು ಊರೂರು ಸುತ್ತಿ, ಡಾಕ್ಟರುಗಳ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುವ ಕೆಲಸ. ಕಾಯುತ್ತ ಬೇರೆಯವರು ಪತ್ರಿಕೆ ಓದಿದರೆ ಇವರು ಬಂದು ಹೋಗುವವರ ಮಣಿಕಟ್ಟು ಓದುತ್ತಿದ್ದರು. ಬಣ್ಣ ಬಳಿದ ಡಯಲ್ ಇವರಿಗೆ ಬೇಡ. ಬೆಟ್ಟದಿಂದಲೋ ಕಡಲಿನಿಂದಲೋ ಬಂದ ಕಲ್ಲನ್ನು ಉಗುರಿನಷ್ಟು ತೆಳ್ಳಗೆ ಸೀಳಿ, ಹೊಳಪು ಕೊಟ್ಟು, ಹಿತ್ತಾಳೆಯ ಬಿಲ್ಲೆಗೆ ಅಂಟಿಸಿದ್ದು ಬೇಕು. ಹುಲಿಗಣ್ಣು, ಹವಳ, ಚಿನ್ನದ ಚುಕ್ಕಿಯಿರುವ ನೀಲಿ ಲ್ಯಾಪಿಸ್, ಕನ್ನಡಿಯಂಥ ಕಪ್ಪು ಓನಿಕ್ಸ್. ‘ಕಾರ್ಖಾನೆಯವ್ರು ಒಂದೇ ಥರ ಸಾವಿರ ವಾಚ್ ಮಾಡ್ಬಹುದು ಕಣೇ, ಒಂದೇ ಥರ ಎರಡು ಕಲ್ಲು ಮಾಡ್ಲಿ ನೋಡೋಣ’ ಎಂದು ನನಗೆ ಸವಾಲು ಹಾಕುತ್ತಿದ್ದರು, ಕಾರ್ಖಾನೆ ನಮ್ಮಪ್ಪನದೇನೋ ಎಂಬ ಹಾಗೆ. ಮನೆಯಲ್ಲಿ ಅಷ್ಟು ಚಿನ್ನದ ಗಡಿಯಾರಗಳಿದ್ದೂ ಗಂಟೆಯೆಷ್ಟು ಎಂದು ತಿಳಿಯಲು ರೇಡಿಯೋ ಹಾಕುತ್ತಿದ್ದ ಪುಣ್ಯಾತ್ಮರು. ಯಾವುದನ್ನೂ ಕಟ್ಟಲಿಲ್ಲ. ತಿಂಗಳಿಗೊಮ್ಮೆ ಕೀ ಕೊಟ್ಟು, ಕಿವಿಗೆ ಹಿಡಿದು, ಮತ್ತೆ ಮಲಗಿಸುತ್ತಿದ್ದರು. ಬಿಚ್ಚಿ ಎಣ್ಣೆ ಹಾಕುವ ಕೆಲಸ ನನ್ನದು. ಹೆಂಡತಿ ವಾಚ್ ರಿಪೇರಿಯವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಮದುವೆಯಾದರು ಎಂದು ನಾನು ಛೇಡಿಸಿದರೆ, ಇಲ್ಲ ಎಂದು ಒಂದು ದಿನವೂ ಹೇಳಲಿಲ್ಲ.

ಡಾಕ್ಟರು ಹದಿನೆಂಟನ್ನೂ ಮುಟ್ಟಿ, ತಿರುಗಿಸಿ, ಉಸಿರು ಬಿಟ್ಟು, ಒರೆಸಿ ನೋಡಿದರು. ಹತ್ತೊಂಬತ್ತನೆಯದನ್ನು ನೋಡಿ ಪಕ್ಕಕ್ಕೆ ಸರಿಸಿದರು. ಯಾವುದೆಂದು ನಿನಗೆ ಹೇಳಬೇಕಾಗಿಲ್ಲ.

ಆ ಹಸಿರು ವಾಚಿಗಾಗಿ ಅಪ್ಪ ಒಂಬತ್ತು ವರ್ಷ ಕಾದಿದ್ದರು. ಕಣ್ಣಿನ ಡಾಕ್ಟರೊಬ್ಬರ ಕೈಯಲ್ಲಿತ್ತು ಅದು. ಮಲಕೈಟ್ ಕಲ್ಲು, ದಟ್ಟ ಹಸಿರು, ತಿಳಿ ಹಸಿರು, ಪಟ್ಟೆಯ ಮೇಲೆ ಪಟ್ಟೆ, ಕೊಳಕ್ಕೆ ಕಲ್ಲೆಸೆದಾಗ ಏಳುವ ಬಳೆಗಳ ಹಾಗೆ. ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಕಣ್ಣಿನ ಹನಿಯ ಗುಣಗಾನ ಮಾಡುತ್ತ ಕಣ್ಣೆಲ್ಲ ಆ ಮಣಿಕಟ್ಟಿನ ಮೇಲೆ. ಡಾಕ್ಟರು ಕೊಡಲೊಲ್ಲರು, ಇವರು ಬಿಡಲೊಲ್ಲರು. ಕೊನೆಗೆ ಅವರು ಆಸ್ಪತ್ರೆ ಮುಚ್ಚಿ ಮಗನ ಮನೆಗೆ ಹೊರಟಾಗ ಇವರನ್ನೇ ಕರೆಸಿ ಕೊಟ್ಟರು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋದ ಅಪ್ಪ ಸಂಜೆ ಬಸ್ಸಿನಲ್ಲಿ ಬಂದರು. ಸ್ಕೂಟರ್ ಎಲ್ಲಿ ಎಂದು ನಾನು ಕೇಳಲಿಲ್ಲ. ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ, ಅಷ್ಟು ಸುಖವಾಗಿದ್ದರು.

ಆ ಹೊತ್ತಿಗೆ ನಿನಗೆ ಹತ್ತೊಂಬತ್ತು. ನನ್ನ ಮೇಜಿನ ಎಡಗಡೆ ನಿನ್ನ ಸ್ಟೂಲು. ಯಾರಿಗೂ ಹೇಳಿಕೊಟ್ಟು ಬರುವ ಕೈಯಲ್ಲ ನಿನ್ನದು. ನಾನು ಉಸಿರು ಬಿಗಿಹಿಡಿದು ಮಾಡುವ ಕೆಲಸವನ್ನು ನೀನು ಸಿನಿಮಾ ಹಾಡು ಗುನುಗುತ್ತ ಮಾಡುತ್ತಿದ್ದೆ. ಅಪ್ಪನ ಆ ನೀಲಿ ಕಲ್ಲಿನ ವಾಚು, ಡಯಲ್ ಬಿಲ್ಲೆಯಿಂದ ಎದ್ದು ಬಂದಿತ್ತಲ್ಲ, ಊರಿನ ಮೂರು ಅಂಗಡಿಯವರು ಕೈಯೆತ್ತಿದ್ದನ್ನು ನೀನು ಒಂದು ಮಧ್ಯಾಹ್ನದಲ್ಲಿ ಕೂರಿಸಿ ಕೊಟ್ಟೆ. ಅದರ ಮೇಲೆ ಗಿರಾಕಿಗಳು ಬಂದವರೇ ‘ಮಗಳಿಲ್ವಾ?’ ಎಂದು ಕೇಳತೊಡಗಿದರು. ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತು ಎಂದರೆ ಹೇಳತೀರದು.

ಈಗ ಆ ದಿನಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆದು ನನಗೂ ಸಾಕಾಯಿತು.

ದೊಡ್ಡ ವಾಚ್ ಕಂಪನಿಯ ರಿಪೇರಿ ವಿಭಾಗದಲ್ಲಿ ನಿನಗೆ ಇಂಟರ್‌ವ್ಯೂ. ಅಪ್ಪ ಎರಡು ದಿನದ ಮಟ್ಟಿಗೆ ಹೊರಗೆ ಹೋಗಿದ್ದರು, ಸಂಜೆ ಬರುವವರಿದ್ದರು. ಬೆಳಿಗ್ಗೆ ನೀನು ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಬಾಗಿಲ ಬಳಿ ನಿಂತಾಗ ನಾನೇ ಕರೆದು, ಹಸಿರು ವಾಚನ್ನು ನಿನ್ನ ಕೈಗೆ ಕಟ್ಟಿದೆ. ವಾಚಿನವರ ಹತ್ತಿರ ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎಂದೆ. ನೀನು ಹೋದೆ. ಬಿಚ್ಚಿಟ್ಟ ವಾಚು ಜೋಡಿಸಲು ಅವರು ನಲವತ್ತು ನಿಮಿಷ ಕೊಟ್ಟರೆ ಇಪ್ಪತ್ತೈದಕ್ಕೆ ಮುಗಿಸಿ, ಮಧ್ಯಾಹ್ನ ಮೂರಕ್ಕೆ ಕುಣಿದುಕೊಂಡು ಬಂದೆ. ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟು, ಮುಖ ತೊಳೆದು, ಮಲಗಿದೆ. ಆರು ಗಂಟೆಗೆ ಅಪ್ಪ ಬಂದರು. ಚಹಾ ಕುಡಿಯುವ ಮೊದಲು ಹಸಿರು ವಾಚು ಹೊರತೆಗೆಯುವುದು ಅವರ ಅಭ್ಯಾಸ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಡಯಲಿನ ನಡುವಿನಿಂದ ಆರರ ಗುರುತಿನವರೆಗೆ ಕೂದಲೆಳೆಯಂಥ ಬಿರುಕು. ದಟ್ಟ ಪಟ್ಟೆಯೊಂದರ ಅಂಚಿನಲ್ಲೇ ಓಡಿದ್ದರಿಂದ ನೇರವಾಗಿ ನೋಡಿದರೆ ಕಾಣುತ್ತಿರಲಿಲ್ಲ. ಯಾರು ಮುಟ್ಟಿದ್ದು ಎಂದಾಗ, ಇಂಟರ್‌ವ್ಯೂಗೆ ಕಟ್ಟಿಕೊಂಡು ಹೋಗಿದ್ದೆ ಎಂದು ನೀನೇ ಒಪ್ಪಿಕೊಂಡೆ.

ಆಮೇಲೆ ಅವರು ಆಡಿದ ಮಾತನ್ನು ನಾನು ಬರೆಯುವುದಿಲ್ಲ. ನಿನಗೆ ಬಾಯಿಪಾಠವಾಗಿದೆ ಎಂದು ಗೊತ್ತು. ‘ಈ ಕೈಗೆ ಕಲ್ಲಲ್ಲ, ಕಬ್ಬಿಣ ಕೊಟ್ರೂ ಉಳಿಯಲ್ಲ’ ಎಂಬುದೊಂದೇ ಸಾಕು. ಯಾರು ಕೊಟ್ಟದ್ದು ನಿನಗೆ ಇದನ್ನು ಎಂದು ಗದರಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದೆ. ನೀನು ನನ್ನ ಕಡೆ ನೋಡಲೂ ಇಲ್ಲ. ‘ಯಾರೂ ಕೊಡ್ಲಿಲ್ಲ, ನಾನೇ ತಗೊಂಡೆ’ ಎಂದುಬಿಟ್ಟೆ. ಎಂಟು ದಿನಕ್ಕೆ ಕಂಪನಿಯಿಂದ ಕೆಲಸದ ಕಾಗದ ಬಂತು. ನೀನು ಅದನ್ನು ಓದಿ ನಾಲ್ಕು ಮಡಿಕೆ ಮಾಡಿ, ಒಂದು ಡಯಲ್ ಉಳಿಸಿಕೊಳ್ಳಲಾಗದವಳು ಊರವರ ವಾಚು ಹೇಗೆ ಮುಟ್ಟಲಿ ಎಂದು, ಪಾರ್ಸೆಲ್ ಆಫೀಸಿಗೆ ಅರ್ಜಿ ಹಾಕಿದೆ. ಹನ್ನೆರಡು ವರ್ಷದಿಂದ ಪೊಟ್ಟಣಗಳ ಮೇಲೆ ಮುದ್ರೆ ಒತ್ತುತ್ತಿದ್ದೀಯ.

ಮಗಳೇ, ಆ ಡಯಲ್ ಒಡೆದದ್ದು ನೀನಲ್ಲ, ನಾನು.

ನೀನು ಮಲಗಿದ ಮೇಲೆ ನೋಡಿದರೆ ಗಾಜಿನ ಒಳಗೆ ಬೆವರಿನ ಮಂಜು ಕಟ್ಟಿದ ಹಾಗಿತ್ತು. ಅಪ್ಪ ಬರುವುದರೊಳಗೆ ಒರೆಸಿಡೋಣವೆಂದು ಮಶಿನ್ ಹೊರತೆಗೆದೆ. ನಿಮಿಷದ ಮುಳ್ಳು ಕೊಂಚ ಸಡಿಲವಿತ್ತು. ಕಲ್ಲಿನ ಡಯಲಿಗೆ ಮುಳ್ಳು ಕೂರಿಸುವಾಗ ಒತ್ತಡ ಮುಳ್ಳು ಕೂರುವ ನಡುವಿನ ಕಡ್ಡಿಯ ನೇರಕ್ಕೆ ಬೀಳಬೇಕು, ಎಳ್ಳಷ್ಟು ಓರೆಯಾದರೂ ಕಲ್ಲು ತಾಳುವುದಿಲ್ಲ ಎಂದು ನಿನಗೆ ಸಾವಿರ ಸಲ ಹೇಳಿಕೊಟ್ಟವಳು ನಾನೇ. ಓರೆಯಾಯಿತು. ಒಣ ಎಲೆ ಮುರಿದಷ್ಟು ಸದ್ದು. ನಾನು ಮುಚ್ಚಿ, ಡಬ್ಬಿಗೆ ಹಾಕಿ, ಚಹಾಕ್ಕೆ ನೀರಿಟ್ಟೆ. ಅಪ್ಪನ ಕೋಪದ ಹೆದರಿಕೆ. ಒಂಬತ್ತು ವರ್ಷದ ಕಲ್ಲು ನನ್ನ ಕೈಯಲ್ಲಿ ಹೋಗಿತ್ತು. ಕಾಣದೇ ಇರಬಹುದು ಎಂದುಕೊಂಡೆ. ಕಂಡಿತು. ನೀನೇ ಎಂದು ಅವರು ಅಂದಾಗ, ನಾಳೆ ಹೇಳೋಣ, ತಣ್ಣಗಾದ ಮೇಲೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುವುದು ಹನ್ನೆರಡು ವರ್ಷ ಉದ್ದವಾಯಿತು.

ಇನ್ನೊಂದು ಮಾತು. ಕೊನೆಯ ತಿಂಗಳು ಅಪ್ಪ ಹಾಸಿಗೆಯಲ್ಲೇ ವಾಚುಗಳನ್ನು ತರಿಸಿಕೊಂಡು ನೋಡುತ್ತಿದ್ದರು. ಹಸಿರನ್ನು ಮಾತ್ರ ಬೋರಲು ಇಡು ಎನ್ನುತ್ತಿದ್ದರು. ಒಂದು ದಿನ ತಾವಾಗಿಯೇ, ‘ಆ ಹುಡುಗಿಗೆ ಅಷ್ಟೊಂದು ಅನ್ಬಾರ್ದಿತ್ತು. ಕಲ್ಲು ಅಂದ್ಮೇಲೆ ಬಿರುಕು ಬಿಡುತ್ತೆ’ ಎಂದರು. ಆಗ ಹೇಳಬಹುದಿತ್ತು. ಬೈಯುವ ಶಕ್ತಿಯೂ ಅವರಲ್ಲಿರಲಿಲ್ಲ. ನಾನು ದಿಂಬು ಸರಿಮಾಡಿ, ಔಷಧಿ ಅಳೆದು ಕೊಟ್ಟೆ. ಅವರು ನಿನ್ನನ್ನು ಕ್ಷಮಿಸಿ ಹೋದರು, ನೀನು ಮಾಡದ ತಪ್ಪಿಗೆ. ಇದನ್ನು ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಈಗ ಯಾಕೆ ಬರೆದೆ ಎಂದರೆ, ಹಲ್ಲಿನ ಡಾಕ್ಟರು ಹೋಗುವ ಮುನ್ನ ನೀಲಿ ವಾಚನ್ನು ಮತ್ತೆ ಎತ್ತಿಕೊಂಡು, ಇದನ್ನು ಕೂರಿಸಿದ ಕೈ ಎಲ್ಲಿದೆ ಎಂದು ಕೇಳಿದರು. ಅವರ ಬಳಗದಲ್ಲಿ ಹತ್ತಾರು ಜನರ ಹತ್ತಿರ ಇಂಥ ಕಲ್ಲಿನ ಡಯಲುಗಳಿವೆಯಂತೆ, ಮುಟ್ಟುವವರು ಒಬ್ಬರೂ ಇಲ್ಲವಂತೆ. ಮಶಿನ್ ನಿಂತುಹೋದರೂ ಹೆದರಿ ಹಾಗೇ ಇಟ್ಟುಕೊಂಡಿದ್ದಾರಂತೆ. ‘ನಿಮ್ಮ ಮಗಳು ಕೂತ್ಕೊಂಡ್ರೆ ಜೀವಮಾನ ಮುಗಿಯದಷ್ಟು ಕೆಲಸ ಇದೆ, ಕೇಳಿ ನೋಡಿ’ ಎಂದರು. ನಾನು ಕೇಳುತ್ತೇನೆ ಎಂದೆ. ಕೇಳಿದರೆ ನೀನು ಏನು ಹೇಳುತ್ತೀ ಎಂದೂ ಗೊತ್ತಿತ್ತು. ಕೈ ಸರಿಯಿಲ್ಲ ಅನ್ನುತ್ತೀ. ನಿನ್ನ ಕೈ ಸರಿಯಾಗಿದೆ ಎಂದು ಹೇಳಬಲ್ಲವಳು ಈ ಭೂಮಿಯ ಮೇಲೆ ಈಗ ನಾನೊಬ್ಬಳೇ ಉಳಿದಿದ್ದೇನೆ.

ಹದಿನೆಂಟು ವಾಚುಗಳನ್ನು ಡಾಕ್ಟರಿಗೇ ಕೊಡುವುದೆಂದು ಮಾಡಿದ್ದೇನೆ, ನೀನು ಒಪ್ಪಿದರೆ. ಅವರು ಕೀ ಕೊಟ್ಟು ಕಿವಿಗೆ ಹಿಡಿಯುತ್ತಾರೆ, ಅದು ಸಾಕು. ಹಸಿರನ್ನು ನಿನಗೆ ಕಳಿಸುತ್ತಿದ್ದೇನೆ. ನಿನ್ನ ಆಫೀಸಿನವರೇ ಎತ್ತಿ ಒಗೆಯದಿದ್ದರೆ ಕ್ಷೇಮವಾಗಿ ತಲುಪಬೇಕು. ಮೇಜು, ಉಪಕರಣ ಯಾರಿಗೂ ಕೊಟ್ಟಿಲ್ಲ. ಎಡಗಡೆಯ ಸ್ಟೂಲಿನ ಮೇಲೆ ಹಳೆಯ ಪತ್ರಿಕೆ ಪೇರಿಸಿದ್ದೆ, ನಿನ್ನೆ ತೆಗೆದೆ. ಬಾ ಎಂದು ಕರೆಯುವ ಮುಖ ನನಗಿಲ್ಲ. ಬೈಯಬೇಕೆನಿಸಿದರೆ ಫೋನಿನಲ್ಲೇ ಬೈದುಬಿಡು. ಆದರೆ ಮೊದಲು ಯಾವುದಾದರೂ ಒಂದು ಸಣ್ಣ ಸ್ಕ್ರೂ ಹುಡುಕಿ ಕೂರಿಸಿ ನೋಡು, ನನ್ನಾಣೆ.

ದಣಿದಿದ್ದೇನೆ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿಯಾಗಿತ್ತು. ವಾಚನ್ನು ಹತ್ತಿಯಲ್ಲಿ ಸುತ್ತುವ ಮೊದಲು, ತುಕ್ಕು ಹಿಡಿದಿದೆಯೇನೋ ನೋಡೋಣವೆಂದು ಹಿಂದಿನ ಮುಚ್ಚಳ ತೆಗೆದೆ. ವಾಚು ಬಿಚ್ಚಿದವರು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು, ತಾರೀಕು ಗೀಚದೆ ಮುಚ್ಚುವುದಿಲ್ಲವಲ್ಲ, ನಮ್ಮ ಕಸುಬಿನ ಚಾಳಿ. ಕಲ್ಲು ಒಡೆದ ಮೇಲೂ ನಾನು ಗೀಚಿದ್ದೇನೆ. ನನಗೆ ಅದರ ನೆನಪೇ ಇರಲಿಲ್ಲ. ಅಪ್ಪ ಎಂದೂ ಮುಚ್ಚಳ ತೆಗೆದವರಲ್ಲ. ನೀನು ಮೊದಲು ತೆಗೆಯುವುದೇ ಅದನ್ನು. ನಿನ್ನ ಇಂಟರ್‌ವ್ಯೂ ಇದ್ದದ್ದು ಹದಿನಾಲ್ಕಕ್ಕೆ. ಅಲ್ಲಿರುವುದು ಹದಿಮೂರು.

ಉಜ್ಜುವ ಕಾಗದ ಕೈಗೆತ್ತಿಕೊಂಡೆ. ಚಿನ್ನ ಮೆತ್ತಗಿರುತ್ತದೆ, ನಾಲ್ಕು ಸಲ ಉಜ್ಜಿದ್ದರೆ ಹೋಗುತ್ತಿತ್ತು. ಉಜ್ಜಲಿಲ್ಲ. ಮಂಜು, ಬೆವರು ಎಂದು ಮೇಲೆ ಬರೆದದ್ದು ಸುಳ್ಳು. ಹಿಂದಿನ ದಿನ ನೀನು ಚಪ್ಪಲಿ ಹೊಲಿಸಲು ಹೋಗಿದ್ದಾಗ ಒಬ್ಬಾಕೆ ಹವಳದ ಡಯಲಿನ ವಾಚು ತಂದಿದ್ದಳು. ನಾನು ಕೈ ಚಾಚಿದೆ. ಅವಳು ವಾಚು ಹಿಂದಕ್ಕೆಳೆದುಕೊಂಡು, ‘ಬೇಡ ಬಿಡಿ, ಮಗಳಿದ್ದಾಗ ಬರ್ತೀನಿ’ ಎಂದು ಹೋದಳು. ಅವಳು ಹೋದ ಮೇಲೆ ನಾನು ಹಸಿರು ವಾಚನ್ನು ತೆಗೆದು ಕೂತೆ, ಏನೂ ಕೆಟ್ಟಿರದಿದ್ದರೂ. ನನ್ನ ಕೈಯಲ್ಲಿ ಇನ್ನೂ ಆಗುತ್ತದೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಹೆಮ್ಮೆಯಾಗುತ್ತಿತ್ತು ಎಂದು ಬರೆದಿದ್ದೇನೆ, ಅದನ್ನೂ ಹೊಡೆದುಹಾಕಿ ಓದಿಕೋ.

ಬೆಳಿಗ್ಗೆ ನಿನ್ನ ಕೈಗೆ ಕಟ್ಟುವಾಗ ಕಲ್ಲು ಒಡೆದಿತ್ತು. ಎಲ್ಲಿ ಒಡೆದಿದೆ ಎಂದು ನನಗೆ ಗೊತ್ತಿತ್ತು, ನಿನ್ನ ಕಣ್ಣಿಗೆ ಬೀಳದಿರಲೆಂದು ಬೆಳಕಿಗೆ ಬೆನ್ನು ಮಾಡಿ ನಿಂತು ಕಟ್ಟಿದೆ. ಅಪ್ಪ ಬೈದರೆ ಎಂದು ನೀನು ಕೇಳಿದೆ. ನಾನಿದ್ದೀನಲ್ಲ ಎಂದು ನಾನು ಹೇಳಿದೆ.